ಸಣ್ಣ ದನಿ ಎರಡು ನಮೂನಿ

ನಮ್ಮ ಫಿಜಿಕ್ಸ್ ಸರ್ ಕಿವಿಯ ಮೇಲಿನ ಕೂದಲಿಗೆ ದಿನಾ ಒಂದು ಎಳೆ ನೂಲು ಅಂಟಿಕೊಂಡಿರುತ್ತಿತ್ತು. ಒಂದು ದಿನ ಕೆಂಪು, ಒಂದು ದಿನ ಹಸಿರು. ಮುಂಜಾನೆ ಅವರ ಮನೆಯ ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇತ್ತು ಅಂತ ಬನಹಟ್ಟಿಯ ನಮ್ಮ ಕಾಲೇಜಿಗೆಲ್ಲ ಅದರಿಂದಲೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಎರಡು ಪವರ್‌ಲೂಮು. ಸಣ್ಣವರಿದ್ದಾಗಿನಿಂದ ಅವನ್ನು ಓಡಿಸುತ್ತ ಬಂದವರು.

ನೇರವಾಗಿ ಹೇಳುತ್ತೇನೆ, ಮೊದಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಹುಡುಗರು ಡೌಟ್ ಕೇಳಿದರೆ ಬೋರ್ಡ್ ಒರೆಸಿ ಇನ್ನೊಮ್ಮೆ ಹೇಳುವರು. ಹುಡುಗಿಯರು ಕೇಳಿದರೆ ತಲೆಯಾಡಿಸಿ, ನಕ್ಕು, ಪಾಠ ಮುಂದುವರಿಸುವರು. ನನ್ನದಂತೂ ಪಿಪಿ ಊದಿದಂಥ ದನಿ. ಕೈಯೆತ್ತಿ ಎತ್ತಿ ಸಾಕಾಗಿ ಕೇಳುವುದನ್ನೇ ಬಿಟ್ಟೆ. ಅಲೆಗಳ ಟೆಸ್ಟಿನಲ್ಲಿ ಆಂಪ್ಲಿಟ್ಯೂಡಿಗೂ ಫ್ರೀಕ್ವೆನ್ಸಿಗೂ ವ್ಯತ್ಯಾಸ ಕೇಳಿದ್ದರು. 'ಎರಡೂ ಒಂದೇ, ಅಲೆಯ ಜೋರು' ಅಂತ ಬರೆದೆ. ಸೊನ್ನೆ ಬಂತು. ಸೈನ್ಸ್ ಬಿಡುತ್ತೇನೆಂದು ಅರ್ಜಿ ಬರೆದು ಸಹಿಗೆ ಅವರ ಹತ್ತಿರವೇ ಹೋದೆ.

"ಯಾಕವಾ, ಏನಾತು?" ಅಂದರು.

ಹೇಳಿದೆ. ತಲೆಯಾಡಿಸಿ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. "ಹುಡುಗ್ಯಾರು ಕೇಳಿದ್ರ ಯಾಕ್ ಉತ್ತರಾ ಕೊಡೂದಿಲ್ರೀ?" ಅಂತ ಚೀರಿದೆ. ಮತ್ತೆ ಅದೇ ನಗು.

ಬಾಗಿಲಲ್ಲಿ ನಿಂತಿದ್ದ ಜವಾನ ಕಾಕಾ ನನ್ನ ಮಾತನ್ನೇ ತನ್ನ ದಪ್ಪ ಗಂಟಲಿನಲ್ಲಿ, ಮೆಲ್ಲಗೆ, ಇನ್ನೊಮ್ಮೆ ಹೇಳಿದ. ಸರ್ ಮುಖದ ನಗು ಅಲ್ಲೇ ನಿಂತುಬಿಟ್ಟಿತು.

"ಎಷ್ಟ್ ದಿನದಿಂದ ಕೇಳಾಕತ್ತಾಳ ಇಕಿ?"

"ವರ್ಷಾತ್ರೀ ಸರ್," ಅಂದ ಕಾಕಾ.

"ಅರ್ಜಿ ನಾಳೆ ನೋಡೂಣು," ಅಂದು ಸರ್ ಎದ್ದು ಹೋದರು.

ಮರುದಿನ ಕ್ಲಾಸಿಗೆ ಹಗ್ಗ ತಂದರು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟು, "ಜೋರ್ ಅಲುಗಾಡಸು," ಅಂದರು. ನಾನು ಬೆಪ್ಪಾಗಿ ನಿಂತೆ.

"ಯಾವ ಜೋರ್ ಅಂತ ತಿಳೀಲಿಲ್ಲ, ಹೌದಿಲ್ಲೋ? ಎತ್ತರಕ್ಕ ಎತ್ತಿದ್ರ ಆಂಪ್ಲಿಟ್ಯೂಡ್. ಲಗೂ ಲಗೂ ಆಡಿಸಿದ್ರ ಫ್ರೀಕ್ವೆನ್ಸಿ. ನಮ್ಮ ಮಂದಿ ಎರಡಕ್ಕೂ ಜೋರ್ ಅಂತಾರ. ಸಣ್ಣ ದನೀನೂ ಹಂಗ. ಮೆಲ್ಲಕ ಮಾತಾಡಿದ್ರೂ ಸಣ್ಣ ದನಿ, ಪಿಪಿಯಂಗ ಮಾತಾಡಿದ್ರೂ ಸಣ್ಣ ದನಿ." ತಮ್ಮ ಕಿವಿ ಮುಟ್ಟಿ ತೋರಿಸಿದರು. "ಆ ಎರಡನೇದ್ದನ್ನ ನನ್ನ ಕಿವ್ಯಾಗಿಂದ ಮಗ್ಗದ ಗದ್ದಲ ತಿಂದೈತಿ. ನೀವು ಹುಡುಗ್ಯಾರು ಒದರಿದ್ರ ಆಂಪ್ಲಿಟ್ಯೂಡ್ ಅಷ್ಟ ಏರತೈತಿ. ನನಗ ಬೇಕಾಗಿದ್ದು ಫ್ರೀಕ್ವೆನ್ಸಿ ಇಳೀಬೇಕು. ನಾಚಿಕಿ ಬಂದು ಹೇಳಲಿಲ್ಲ. ತಪ್ಪು ನಂದು."

ನಾನು ಗದ್ದ ಎದೆಗೊತ್ತಿ, ಇದ್ದಷ್ಟೂ ದಪ್ಪ ದನಿ ತೆಗೆದು ಕೇಳಿದೆ: "ಇಂಟರ್‌ಫಿಯರೆನ್ಸ್ ಅಂದ್ರೇನ್ರೀ ಸರ್?"

"ಲೇ, ಎಮ್ಮಿ ಬಂತಲೇ!" ಅಂದ ಹಿಂದಿನ ಬೆಂಚಿನವನೊಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸರ್ ನಗಲಿಲ್ಲ.

"ಕೇಳಿತವಾ," ಅಂದರು. "ಪೂರಾ ಕೇಳಿತು."

ಕಿಟಕಿಯಿಂದ ಹಗ್ಗ ಬಿಚ್ಚಿ ಆ ತುದಿಯನ್ನು ಎಮ್ಮೆ ಅಂದವನ ಕೈಗೇ ಕೊಟ್ಟರು. ಇಬ್ಬರೂ ಕೂಡಿ ಮೇಲಕ್ಕೆ ಝಾಡಿಸಿದೆವು. ಎರಡು ಅಲೆ ನಡುವೆ ಕೂಡಿ ದೊಡ್ಡ ಗುಡ್ಡವಾಯಿತು. ಆಮೇಲೆ ನಾನು ಮೇಲಕ್ಕೆ, ಅವನು ಕೆಳಕ್ಕೆ. ಅಲೆಗಳು ಕೂಡಿದ ನಡುಜಾಗದಲ್ಲಿ ಹಗ್ಗ ಅಲುಗಲೇ ಇಲ್ಲ.

"ಇದs ಇಂಟರ್‌ಫಿಯರೆನ್ಸ್. ಇಬ್ಬರದೂ ಜೋರ್ ಐತಿ, ನಡಕ ಸಪ್ಪಗ. ನಾನೂ ನೀನೂ ಒಂದ್ ವರ್ಷ ಮಾಡಿದ್ದು ಇದs ನೋಡು."

ಅರ್ಜಿ ಪುಸ್ತಕದೊಳಗೇ ಉಳಿಯಿತು. ಕಾಲೇಜು ಮುಗಿಯುವ ತನಕ ಎಮ್ಮೆ ದನಿಯಲ್ಲೇ ಡೌಟ್ ಕೇಳಿ ಕೇಳಿ ಪಾಸಾದೆ.

ಸರ್ ರಿಟೈರ್ ಆದ ಎಷ್ಟೋ ವರ್ಷದ ಮೇಲೆ ಮನೆಗೆ ಹೋಗಿದ್ದೆ. ಕಿವಿಗೆ ಮಷೀನು ಬಂದಿತ್ತು. ಸಣ್ಣ ಹುಡುಗನಂತೆ ಖುಷಿ ಅವರಿಗೆ.

"ಈಗ ಗುಬ್ಬಿ ಸುದ್ದಾ ಕೇಳತೈತವಾ. ಒಮ್ಮಿ ನಿನ್ನ ಖರೇ ದನೀಲೆ ಮಾತಾಡು. ನಾ ಅದನ್ನ ಕೇಳೇ ಇಲ್ಲ."

ಗಂಟಲು ಸರಿಮಾಡಿಕೊಂಡೆ. ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದೆ, ಕೆಮ್ಮು ಬಂತು. ರೂಢಿಯೋ ವಯಸ್ಸೋ, ಆ ಪಿಪಿ ಎಲ್ಲೋ ಹೋಗಿಬಿಟ್ಟಿತ್ತು.

"ಈಗ ಇದs ರೀ ಸರ್ ನನ್ನ ಖರೇ ದನಿ," ಅಂದೆ.

ಅವರು ಮಷೀನು ತೆಗೆದು ಅಂಗೈಯಲ್ಲಿಟ್ಟುಕೊಂಡರು. "ಹಂಗಾರ ಇದು ಬ್ಯಾಡ ಬಿಡು. ಈ ದನಿ ನನಗ ಮೊದಲs ಕೇಳತಿತ್ತು."

ಸರ್ ಹೋಗಿ ಎರಡು ವರ್ಷವಾಯಿತು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದು ನಾನು ಹಲೋ ಅಂದರೆ, ಆ ಕಡೆಯವರು ಗಂಡಸೆಂದು ತಿಳಿದು "ನಮಸ್ಕಾರ್ರೀ ಸರ್" ಅನ್ನುತ್ತಾರೆ.

ನಾನು ತಿದ್ದುವುದಿಲ್ಲ.