ಹೊಳೆಗೆಂದು ನೇಯ್ದ ಸೀರೆ

ಆ ಊರಿನ ಹೆಸರು ಬರೆಯುವುದಿಲ್ಲ. ನಮ್ಮ ಜಿಲ್ಲೆಯದೇ, ಹೊಳೆಯ ದಂಡೆಯ ಮೇಲಿನ ದೊಡ್ಡ ಕ್ಷೇತ್ರ, ಅಷ್ಟು ಸಾಕು. ನನ್ನ ಜಗಳ ಊರಿನ ಜೊತೆಗಲ್ಲ, ಹೊಳೆಯ ಜೊತೆಗಂತೂ ಅಲ್ಲವೇ ಅಲ್ಲ. ಅಲ್ಲಿ ನಮಗೆ ದಾರಿ ತೋರಿಸಲು ಬಂದ ಒಬ್ಬ ಮನುಷ್ಯನ ಜೊತೆಗೆ. ಇಷ್ಟು ವರ್ಷವಾದರೂ ಅವನು ನೆನಪಾದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಮರೆತುಬಿಡು ಎಂದು ಮನೆಯಲ್ಲಿ ಹೇಳುತ್ತಾರೆ. ಮರೆಯಲು ಅವನೇನು ನನ್ನ ಛತ್ರಿ ಕದ್ದಿದ್ದನೇ?

ನಾವು ಹೋದದ್ದು ಅವ್ವನ ಹರಕೆ ತೀರಿಸಲು. ನನಗೆ ಬಾಗಲಕೋಟೆಯ ನವನಗರದಲ್ಲಿ ಸಾಲಿ ಮಾಸ್ತರಿಕೆ ಸಿಕ್ಕಿತ್ತು. ಆಣೆಕಟ್ಟಿನ ನೀರಿನಲ್ಲಿ ಮುಳುಗಡೆಯಾದ ಹಳೆಯ ಊರಿನಿಂದ ಜನ ಇನ್ನೂ ಗಂಟುಮೂಟೆ ಸಾಗಿಸುತ್ತಿದ್ದ ವರ್ಷಗಳು ಅವು. ನೌಕರಿ ಬಂದರೆ ಹೊಳೆಯ ಉಡಿ ತುಂಬುತ್ತೇನೆ, ನಾನೇ ನೇಯ್ದ ಸೀರೆ ಬಿಡುತ್ತೇನೆ ಎಂದು ಅವ್ವ ನನ್ನನ್ನು ಒಂದು ಮಾತೂ ಕೇಳದೆ ಬೇಡಿಕೊಂಡಿದ್ದಳು. ನೌಕರಿಗಾಗಿ ಹಗಲು ರಾತ್ರಿ ಓದಿದವಳು ನಾನು, ಉಡಿ ಹೊಳೆಗೆ. ಈ ಮಾತನ್ನು ನಾನು ಆಗಲೇ ಅವಳಿಗೆ ಹೇಳಿದ್ದೆ, ಅವಳು ಕೇಳಿಸಿಕೊಳ್ಳಲಿಲ್ಲ.

ಹರಕೆ ಹೊರುವುದು ಸುಲಭ, ತೀರಿಸುವುದು ಹಾಗಲ್ಲ. ಇಳಕಲ್ಲಿನ ನಮ್ಮ ಮನೆಯಲ್ಲಿ ಕುಣಿಮಗ್ಗವಿತ್ತು. ಅವ್ವ ಹದಿನಾಲ್ಕನೆಯ ವಯಸ್ಸಿನಿಂದ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು. ಆದರೆ ನೂಲು ಸಾವುಕಾರನದು, ರೇಷ್ಮೆ ಸಾವುಕಾರನದು, ನೇಯುವ ಕೈಯಷ್ಟೇ ನಮ್ಮದು. ಸೀರೆ ಮಗ್ಗದಿಂದ ಇಳಿದ ದಿನವೇ ಅವನ ಅಂಗಡಿ ಸೇರುತ್ತಿತ್ತು. ಇನ್ನೊಬ್ಬರ ನೂಲಿನ ಸೀರೆಯನ್ನು ಹೊಳೆಗೆ ಕೊಟ್ಟರೆ ಅದು ಹರಕೆಯಾಗುವುದಿಲ್ಲ ಎಂದು ಅವಳ ಲೆಕ್ಕ. ಹಾಗಾಗಿ ತಾನೇ ನೂಲು ಕೊಂಡು, ಕೆಂಪು ರೇಷ್ಮೆ ಕೊಂಡು, ಸಾವುಕಾರನ ಎರಡು ಸೀರೆಗಳ ನಡುವೆ ಮಗ್ಗ ಖಾಲಿ ಸಿಗುವುದನ್ನೇ ಕಾದು ಒಂದು ಸೀರೆ ನೇಯ್ದಳು. ನವಿಲಿನ ಕೊರಳಿನ ಬಣ್ಣದ ಒಡಲು, ಅಗಲವಾದ ಕೆಂಪು ದಡಿ, ತೆನೆ ತೆನೆಯಾಗಿ ಇಳಿದ ಸೆರಗು. ಅಂಥದೊಂದನ್ನು ಅವಳು ಒಮ್ಮೆಯೂ ಉಟ್ಟವಳಲ್ಲ. ನನಗೆ ಅದೂ ಸಿಟ್ಟೇ. ನೀನೇ ಉಟ್ಟುಕೋ, ಹೊಳೆಗೆ ನಾನು ನಮಸ್ಕಾರ ಮಾಡುತ್ತೇನೆ ಅಂದೆ. ಬಾಯಿ ತೊಳೆದುಕೊಂಡು ಬಾ ಅಂದಳು.

ನಮ್ಮ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಕೆಂಪೆಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಹೀಗೆ ಕೂಡಿಸುವಾಗ ಅವ್ವನ ಕೈಯಲ್ಲಿ ಒಂದು ಕೆಂಪೆಳೆ ಹರಿಯಿತು. ಆಗಲೇ ಅವಳ ಕಣ್ಣು ಮಂಜಾಗಿತ್ತು. ಗಂಟು ಹಾಕಿ ಮುಂದುವರಿಸಿದಳು. ಆ ಗಂಟನ್ನು ನನಗೆ ತೋರಿಸಿದಾಗ ನಾನು ಕನ್ನಡಕ ಒರೆಸಿಕೊಂಡು ಹುಡುಕಬೇಕಾಯಿತು.

ದಸರೆ ರಜೆಯಲ್ಲಿ ಹೊರಟೆವು. ಹುನಗುಂದದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋಗಿ ಇಳಿದಾಗ ಬಿಸಿಲು ಏರಿತ್ತು. ಬಸ್‌ಸ್ಟ್ಯಾಂಡಿನಲ್ಲೇ ಅವನು ಗಂಟುಬಿದ್ದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಪೀಪಿ, ಕೈಯಲ್ಲಿ ಬೆತ್ತ. ಹತ್ತು ಹನ್ನೆರಡು ಮಂದಿಯನ್ನು ಕೂಡಿಸಿಕೊಂಡು ಊರೆಲ್ಲ ಕಾಲ್ನಡಿಗೆಯಲ್ಲಿ ತೋರಿಸಿ, ಕೊನೆಗೆ ಹೊಳೆಯ ಮೆಟ್ಟಿಲಿಗೆ ತಂದು ಬಿಡುವುದು ಅವನ ಉದ್ಯೋಗ. ನನಗೆ ಬೇಡವಾಗಿತ್ತು. ಅವ್ವನಿಗೆ ಬೇಕಾಗಿತ್ತು. ಹರಕೆಯ ಕೆಲಸ, ತಿಳಿದವರು ಜೊತೆಗಿದ್ದರೆ ತಪ್ಪಾಗುವುದಿಲ್ಲ ಅಂದಳು.

ಚಪ್ಪಲಿಯನ್ನು ಮೊದಲ ಗುಡಿಯಲ್ಲೇ ಬಿಡಿಸಿದ. ಅಲ್ಲಿಂದ ಮುಂದೆ ಕಾದ ಕಲ್ಲಿನ ಮೇಲೆ ಬರಿಗಾಲು. ಅವನು ಮಾತ್ರ ಚಪ್ಪಲಿ ಬಿಟ್ಟಿರಲಿಲ್ಲ, ತಾನು ಡ್ಯೂಟಿಯ ಮೇಲಿದ್ದಾನಂತೆ. ಪ್ರತಿ ಗುಡಿಯ ಮುಂದೆ ಪೀಪಿ ಊದಿ, ಬೆತ್ತ ಎತ್ತಿ, ರೇಡಿಯೋದಲ್ಲಿ ವಾರ್ತೆ ಓದುವವರ ಕನ್ನಡದಲ್ಲಿ ಕಥೆ ಶುರುಮಾಡುತ್ತಿದ್ದ. ಎಲ್ಲ ಗುಡಿಗಳನ್ನೂ ಒಂದೇ ರಾತ್ರಿಯಲ್ಲಿ ಕಟ್ಟಿದ್ದು. ಎಲ್ಲ ಕಲ್ಲುಗಳೂ ಯಾರದೋ ಶಾಪದಿಂದ ಆದವು. ಕಥೆ ಮುಗಿದ ಕೂಡಲೇ ದಕ್ಷಿಣೆಯ ತಾಟು ಬರುತ್ತಿತ್ತು, ಅವನ ಕನ್ನಡ ನಮ್ಮ ಕನ್ನಡವಾಗುತ್ತಿತ್ತು. ಒಂದು ಬಾವಿಯಲ್ಲಿ ಇಣುಕಿದರೆ ಹಿಂದಿನ ಜನ್ಮ ಕಾಣುತ್ತದೆ ಎಂದ. ಹಾಲಿನ ಪಾಕೀಟು, ಶಾಂಪೂ ಚೀಟಿ ಕಂಡವು.

ಒಂದು ಗುಡಿಯ ಪಕ್ಕದಲ್ಲಿ ಸುಣ್ಣ ಬಳಿದ ಶಾಸನದ ಕಲ್ಲಿತ್ತು. ಇದು ಋಷಿಯೊಬ್ಬ ಉಗುರಿನಿಂದ ಕೊರೆದ ಮಂತ್ರ, ಓದಿದವರ ಕಣ್ಣು ಹೋಗುತ್ತದೆ ಎಂದ. ಕಾಲೇಜಿನಲ್ಲಿ ಹಳೆಯ ಅಕ್ಷರಗಳನ್ನು ಒಂದಿಷ್ಟು ಕಲಿತಿದ್ದೆ. ಸುಣ್ಣ ಉದುರಿದ ಕಡೆ ಮುಟ್ಟಿ ನೋಡಿ, ಇದು ಗುಡಿಯ ದೀಪಕ್ಕೆ ಎಣ್ಣೆ ಬಿಟ್ಟುಕೊಟ್ಟ ದಾನದ ಮಾತು, ನನ್ನ ಕಣ್ಣು ನೆಟ್ಟಗಿವೆ ಅಂದೆ. ಜನ ನಕ್ಕರು. ಅವನು ನಗಲಿಲ್ಲ. ಓದಿದ ಹೆಣ್ಣುಮಕ್ಕಳನ್ನು ಕ್ಷೇತ್ರಕ್ಕೆ ಕರೆತಂದರೆ ಹೀಗೇ ಆಗುವುದು ಎಂದು ಅವ್ವನನ್ನು ನೋಡಿ ಹೇಳಿದ. ಅವ್ವ ನನ್ನ ರಟ್ಟೆ ಚಿವುಟಿದಳು. ಅವಳ ಮಟ್ಟಿಗೆ ಅವನು ತಿಳಿದವನು, ನಾನು ಬಾಯಿಬಡುಕಿ.

ಹೊಳೆಯ ಮೆಟ್ಟಿಲಿಗೆ ಬಂದಾಗ ಅವ್ವನ ಅಂಗಾಲಿಗೆ ಬೊಬ್ಬೆ ಬಂದಿತ್ತು. ಆದರೂ ಹೊಳೆ ಕಂಡ ಕೂಡಲೇ ಮುಖ ಅರಳಿತು. ಮಳೆಗಾಲದ ನೀರು ಇನ್ನೂ ಇಳಿದಿರಲಿಲ್ಲ, ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅವಳು ಚೀಲ ಬಿಚ್ಚಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಗುಳೇದಗುಡ್ಡದ ಕುಪ್ಪಸದ ಕಣ ತೆಗೆದಿಟ್ಟಳು. ಆಮೇಲೆ ಸೀರೆ. ಅದನ್ನು ಕಂಡು ಗೈಡು ಬೆತ್ತ ಇಳಿಸಿದ. ಹತ್ತಿರ ಬಂದ.

ಇಲ್ಲಿ ಅವ್ವ ಮಾಡಿದ್ದನ್ನು ನೇಕಾರರ ಮನೆಯವರಲ್ಲದೆ ಬೇರೆ ಯಾರೂ ಮಾಡುವುದಿಲ್ಲ. ಸಾವುಕಾರ ಸೀರೆಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುತ್ತಾನೆ. ಅವನು ಹುಡುಕುವ ಮೊದಲೇ ನೇಯ್ದವರು ತಾವಾಗಿ ಸೀರೆ ಬಿಚ್ಚಿ, ತಪ್ಪಿನ ಮೇಲೆ ಬೆರಳಿಟ್ಟು ಹೇಳಬೇಕು. ಅದು ನಮ್ಮಲ್ಲಿ ಮರ್ಯಾದೆ. ನಲವತ್ತು ವರ್ಷ ಹಾಗೆ ಮಾಡಿದ ಕೈ. ಎದುರಿಗೆ ಇಸ್ತ್ರಿ ಅಂಗಿಯ ಗಂಡಸು ಬಗ್ಗಿ ಸೀರೆ ನೋಡುತ್ತಿದ್ದಾನೆ, ಅವ್ವ ಸೆರಗು ಬಿಚ್ಚಿದಳು, ಕೊಂಡಿಯ ಮೇಲೆ ಬೆರಳಿಟ್ಟಳು.

“ಇಲ್ಲೊಂದು ಎಳಿ ಹರದೈತ್ರಿ. ಗಂಟ ಹಾಕೇನಿ,” ಅಂದಳು.

ಅವನಿಗೆ ಅಷ್ಟೇ ಸಾಕಾಯಿತು. ಬೆತ್ತ ಕಂಕುಳಲ್ಲಿಟ್ಟು ತಲೆ ಅಲ್ಲಾಡಿಸಿದ.

“ಭಿನ್ನ ಆತಲ್ರಿ ಅವ್ವಾರ. ಮುಕ್ಕಾದ ಮೂರ್ತಿ ಪೂಜಿಗೆ ನಡೀತೈತೇನು? ಇದನ್ನ ಬಿಟ್ರ ಯಾರ ಸಲುವಾಗಿ ಬೇಡ್ಕೊಂಡೀರಿ, ಅವರಿಗೇ ಕೇಡು.”

ಯಾರ ಸಲುವಾಗಿ? ನನ್ನ ಸಲುವಾಗಿ. ಅವ್ವನ ಮುಖ ಬಿಳಿಚಿತು. ಅವನು ಆಗಲೇ ಪರಿಹಾರವನ್ನೂ ಹೇಳುತ್ತಿದ್ದ. ಮೆಟ್ಟಿಲ ಮೇಲಿನ ಅಂಗಡಿಯಲ್ಲಿ ಹೊಳೆಗೆ ಬಿಡುವ ಸೀರೆ ಪಾಕೀಟಿನಲ್ಲಿ ಸಿಗುತ್ತದೆ, ಅದನ್ನು ಬಿಡಿ. ಈ ಸೀರೆ ನನ್ನ ಕೈಲಿ ಕೊಡಿ, ದೋಷ ಕಳೆಯುವ ವ್ಯವಸ್ಥೆ ನಾನು ಮಾಡಿಸುತ್ತೇನೆ. ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಅವ್ವ ಆಗಲೇ ಅಂಗಡಿಯ ಮುಂದೆ ನಿಂತಿದ್ದಳು.

ಪಾಕೀಟು ಬಿಚ್ಚಿ ಎರಡು ಬೆರಳ ನಡುವೆ ಬಟ್ಟೆಯನ್ನು ಉಜ್ಜಿದಳು. ಕಣ್ಣು ಹೋಗಿರಬಹುದು, ಬೆರಳು ಹೋಗಿರಲಿಲ್ಲ. ಇದರ ಗಂಜಿ ಬಿಟ್ಟಿದೆ, ಇದು ಒಮ್ಮೆ ನೀರು ಕಂಡ ಸೀರೆ, ಹೊಳೆಗೆ ಒಗೆದ ಸೀರೆ ಕೊಡುವುದಿಲ್ಲ ಎಂದು ತಿರುಗಿ ಇಟ್ಟುಬಿಟ್ಟಳು. ಅಂಗಡಿಯವನು ಗೈಡನ್ನು ನೋಡಿದ. ಗೈಡು ಸಿಟ್ಟಿಗೆದ್ದು, ಶಾಸ್ತ್ರ ಬೇಡವಾದವರು ತಮಗೆ ತಿಳಿದದ್ದು ಮಾಡಿಕೊಳ್ಳಲಿ, ನಾಳೆ ಏನಾದರೂ ಆದರೆ ತನ್ನನ್ನು ಕೇಳಬಾರದು ಎಂದು ಉಳಿದವರನ್ನು ಕರೆದುಕೊಂಡು ನಡೆದ.

ಆಗ ನಾನೊಂದು ತಪ್ಪು ಮಾಡಿದೆ. ಅವನ ಮೇಲಿನ ಸಿಟ್ಟನ್ನು ಅವ್ವನ ಮೇಲೆ ತೆಗೆದೆ. ಮೆಟ್ಟಿಲ ಮೇಲೆ, ಜನರ ನಡುವೆ, ಆ ಗಂಟನ್ನು ಯಾಕೆ ತೋರಿಸಿದೆ ಎಂದು ಬೈದೆ. ಯಾರು ಕೇಳಿದ್ದರು ನಿನ್ನನ್ನು, ಬಾಯಿ ಮುಚ್ಚಿಕೊಂಡು ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ ಅಂದೆ. ಅವ್ವ ಸೀರೆಯನ್ನು ಎದೆಗವಚಿಕೊಂಡು ಅಲ್ಲೇ ಕೂತಳು. ಅವಳ ಅಂಗಾಲಿನ ಬೊಬ್ಬೆ ಒಡೆದು ಕಲ್ಲಿನ ಮೇಲೆ ಒದ್ದೆಯಾಗಿತ್ತು.

“ಸಾವುಕಾರಗ ತೋರಸ್ತೇವಿ,” ಅಂದಳು. “ಹೊಳಿಗೆ ಮುಚ್ಚಿಟ್ಟು ಕೊಡೂದು ಹೆಂಗ? ನಾ ಹೊಳೀನ ಕೇಳ್ತೇನಿ. ಒಪ್ಪಿದ್ರ ತಗೊಳ್ಳಲಿ, ಒಲ್ಲೆಂದ್ರ ತಿರುಗಿ ನನ್ನ ಕಾಲಿಗೇ ತಂದು ಹಾಕ್ಲಿ.”

ಎದ್ದು ಮೆಟ್ಟಿಲಿಳಿದಳು. ಮೊಣಕಾಲು ನೀರಿನಲ್ಲಿ ನಿಂತು, ಉಡಿಯ ಸಾಮಾನೆಲ್ಲ ಬಿಟ್ಟು, ಸೀರೆ ಬಿಚ್ಚಿದಳು. ಸೆರಗನ್ನು ನೀರಿನ ಮೇಲೆ ಹಿಡಿದು ಆ ಗಂಟಿನ ಮೇಲೆ ಬೆರಳಿಟ್ಟು, ಸಾವುಕಾರನ ಅಂಗಡಿಯ ಕಟ್ಟೆಯ ಮುಂದೆ ನಿಂತಂತೆಯೇ ತಲೆ ತಗ್ಗಿಸಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ದೇವರನ್ನು ನಂಬುವವಳಲ್ಲ ನಾನು, ಆದರೂ ಹೊಳೆ ಒಪ್ಪಿಕೊಳ್ಳಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವ್ವ ಕೈಬಿಟ್ಟಳು. ಸೀರೆ ಅಲ್ಲೇ ಒಂದು ಸುತ್ತು ಸುತ್ತಿ, ಕಾಲಿಗೆ ಬರದೆ, ಸೆಳವಿಗೆ ಸಿಕ್ಕು ಹೊರಟಿತು. ಅವಳು ಕಣ್ಣು ಮುಚ್ಚಿ ಕೈಮುಗಿದು ನಿಂತುಬಿಟ್ಟಳು.

ನಾನು ದಂಡೆಯ ಮೇಲೆ ಸೀರೆಯ ಜೊತೆಜೊತೆಗೇ ನಡೆದೆ. ನೋಡುತ್ತ ಹೋಗಬೇಕೆನಿಸಿತು, ಅಷ್ಟೇ. ಸ್ವಲ್ಪ ಮುಂದೆ ದಂಡೆ ತಿರುಗುತ್ತದೆ, ಅಲ್ಲಿ ಹೊಳೆಗೆ ಚಾಚಿಕೊಂಡ ಎತ್ತರದ ಕಲ್ಲುಕಟ್ಟೆ, ಅದರಾಚೆಯದು ಮೆಟ್ಟಿಲಿಗೆ ಕಾಣುವುದಿಲ್ಲ. ಕಟ್ಟೆ ಬಳಸಿ ಹೋದೆ. ಅಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ಒಬ್ಬ ಉದ್ದನೆಯ ಗಳಕ್ಕೆ ಕೊಕ್ಕೆ ಕಟ್ಟಿಕೊಂಡು ನಿಂತಿದ್ದ. ಅವನ ಹಿಂದೆ ಜಾಲಿ ಗಿಡಗಳ ಮೇಲೆ ಸಾಲಾಗಿ ಸೀರೆಗಳು ಒಣಗುತ್ತಿದ್ದವು. ಒಣಗಿದ್ದನ್ನು ಇಬ್ಬರು ಮಡಚಿ ಪಾಕೀಟಿಗೆ ತುಂಬುತ್ತಿದ್ದರು. ನಾನು ಕೂಗುವಷ್ಟರಲ್ಲಿ ಕೊಕ್ಕೆ ಅವ್ವನ ಸೀರೆಯನ್ನು ದಡಕ್ಕೆಳೆದಿತ್ತು. ಅದನ್ನು ಬಗ್ಗಿ ಎತ್ತಿಕೊಂಡು, ನೀರು ಹಿಂಡಿ, ಸೆರಗನ್ನು ಕೈಮೇಲೆ ಹಾಸಿ ನೋಡಿದವನು ನಮ್ಮ ಗೈಡು. ಇಲ್ಲಿ ಚಪ್ಪಲಿ ಬಿಟ್ಟಿದ್ದ.

ಕಳ್ಳ ಎಂದೆ. ಇನ್ನೂ ಬರೆಯಬಾರದ್ದನ್ನು ಅಂದೆ. ಭಿನ್ನವಾದ ಸೀರೆ ನಿನಗೆ ಹೇಗೆ ನಡೆಯುತ್ತದೆ, ಆ ಗಂಟು ಎಲ್ಲಿ ಹೋಯಿತು ಎಂದು ಕೇಳಿದೆ. ಅವನು ನಾಚಲಿಲ್ಲ, ಹೆದರಲಿಲ್ಲ.

“ಅದು ಯಾರಿಗೆ ಕಾಣ್ತೈತ್ರಿ?” ಅಂದ.

ಸೀರೆ ಕೊಡು ಎಂದು ಕೈಹಾಕಿದೆ. ಆಗ ಅವನು ದನಿ ತಗ್ಗಿಸಿ ಹೇಳಿದ ಮಾತಿಗಾಗಿ ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.

“ಕೊಡ್ತೇನ್ರಿ ಅಕ್ಕಾರ. ಬರ್ರಿ, ನಡೀರಿ, ಅವ್ವಾರ ಕೈಯಾಗ ಕೊಡೋಣು. ಹೊಳಿ ಒಲ್ಲೆ ಅಂತು ಅಂತ ಹೇಳ್ತೇನಿ.”

ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಕಟ್ಟೆಯ ಕಡೆಗೆ ಎರಡು ಹೆಜ್ಜೆ ಹಾಕಿಯೇ ಬಿಟ್ಟ. ಸಾಲಿಯಲ್ಲಿ ಅರವತ್ತು ಮಕ್ಕಳನ್ನು ಒಂದು ಮಾತಿಗೆ ಸುಮ್ಮನಾಗಿಸುವವಳು ನಾನು. ಅವನನ್ನು ತಡೆಯಲು ಅಡ್ಡ ನಿಂತೆ. ಬೇಡ, ಇಟ್ಟುಕೋ ಎಂದು ನಾನೇ ಕೈಸನ್ನೆ ಮಾಡಿದೆ. ಅವನು ನಕ್ಕು, ಅದನ್ನು ಜಾಲಿ ಗಿಡದ ಮೇಲೆ ಹಾಕದೆ, ಮುಳ್ಳು ತಾಗದ ಕಡೆ ಬಂಡೆಯ ಮೇಲೆ ಹುಷಾರಾಗಿ ಹರವಿದ. ಅದರ ಬೆಲೆ ಅವನಿಗೆ ಗೊತ್ತಿತ್ತು.

ತಿರುಗಿ ಬಂದಾಗ ಅವ್ವ ಇನ್ನೂ ನೀರಿನಲ್ಲೇ ಇದ್ದಳು. ಹೋಯಿತೇ ಎಂದು ಕೇಳಿದಳು. ಹೋಯಿತು ಅಂದೆ. ಅಷ್ಟಕ್ಕೆ ಬಿಡಲಿಲ್ಲ.

“ಒಡಲ ಮೊದಲ ಮುಳುಗ್ತೋ, ಸೆರಗೋ?”

“ಸೆರಗವ್ವಾ. ನಡುಹೊಳ್ಯಾಗ ಹೋಗಿ ಮುಳುಗ್ತು.”

“ಹಂಗಾರ ಆ ಗಂಟು ನೋಡೇ ತಗೊಂಡಾಳ,” ಅಂದಳು. ನನ್ನ ಹೆಗಲು ಹಿಡಿದು ಕುಂಟುತ್ತ ಮೆಟ್ಟಿಲು ಹತ್ತಿದಳು. ಪೊಲೀಸರಿಗೆ ಹೇಳಬಹುದಿತ್ತು, ಪೇಪರಿಗೆ ಬರೆಯಬಹುದಿತ್ತು. ಹೇಳಿದರೆ ಇಳಕಲ್ಲಿಗೆ ಸುದ್ದಿ ಬಾರದೆ ಇರುತ್ತಿತ್ತೇ? ಬಸ್ಸಿನಲ್ಲಿ ಅವ್ವ ನಿದ್ದೆ ಹೋದಳು. ನಾನು ಹುನಗುಂದದವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆಮೇಲೆ ಅವ್ವ ಬದುಕಿದ್ದಷ್ಟು ವರ್ಷ ಓಣಿಯ ಹೆಂಗಸರಿಗೆ ಈ ಕಥೆ ಹೇಳುತ್ತಿದ್ದಳು. ಎಳೆ ಹರಿದದ್ದು, ಭಿನ್ನ ಎಂದು ಅವನು ಅಂದದ್ದು, ಆದರೂ ಹೊಳೆ ಸೆರಗು ಮೊದಲು ಮಾಡಿ ತೆಗೆದುಕೊಂಡದ್ದು. ಯಾರಾದರೂ ಅನುಮಾನಪಟ್ಟರೆ ನನ್ನ ಕಡೆ ಬೆರಳು ತೋರಿಸುತ್ತಿದ್ದಳು. ತಾನು ಕಣ್ಣು ಮುಚ್ಚಿದ್ದರೂ ಮಗಳು ಕಣ್ಣಾರೆ ನೋಡಿದ್ದಾಳೆ, ಸಾಲಿ ಕಲಿಸುವವಳು, ಸುಳ್ಳು ಹೇಳುವವಳಲ್ಲ ಅನ್ನುತ್ತಿದ್ದಳು. ಹೆಂಗಸರೆಲ್ಲ ನನ್ನ ಕಡೆ ತಿರುಗುತ್ತಿದ್ದರು. ನಾನು ಪ್ರತಿ ಸಲವೂ ಹೌದೆಂದು ತಲೆಯಾಡಿಸಿದೆ.