ದಿರಹಮ್ಮೋ ರೂಪಾಯೋ ಅಂತ ಕೇಳಿದ ಮಷಿನ್

ಮಗಳ ಬಾಣಂತನಕ್ಕ ದುಬೈಗೆ ಹೋಗಿದ್ದೆ. ಹೋಗಬೇಕಾದಾಕಿ ಅವರವ್ವ. ಆಕಿ ಹೋದ ವರ್ಷ ತೀರಿಕೊಂಡ್ಲು.

ಕೂಸಿನ ತೊಟ್ಟಿಲು ತವರಿನ ರೊಕ್ಕದಾಗೇ ಬರಬೇಕು. ಅಳಿಯ ನಾ ಕೊಡ್ತೀನಿ ಅಂದ. ಬ್ಯಾಡಂದೆ. ಗಾರೆ ಕೆಲಸ ಮಾಡಿ ಕೂಡಿಸಿದ್ದು ನನ್ನ ಮಾನ್ವಿ ಬ್ಯಾಂಕಿನ ಕಾರ್ಡಿನ್ಯಾಗ ಇತ್ತು. ತೊಟ್ಟಿಲಿಗೆ ಸರಿಯಾಗುವಷ್ಟೇ ಇತ್ತು.

ಅಂಗಡಿಯಾಂವ ಹೈದರಾಬಾದಿನವ. ಕಾರ್ಡ್ ಹಾಕಿ ಮಷಿನ್ ನನ್ನ ಕಡಿ ತಿರುಗಿಸಿದ. ರೂಪಾಯಿನೋ ದಿರಹಮ್ಮೋ ಅಂತ ಅದು ಕೇಳಾಕತ್ತಿತ್ತು. ದಿರಹಮ್ ಅಂದ್ರ ಅಲ್ಲಿಯ ರೊಕ್ಕ, ಒಂದಕ್ಕ ನಮ್ಮ ಇಪ್ಪತ್ತಕ್ಕೂ ಹೆಚ್ಚು ರೂಪಾಯಿ. ಪರದೇಶದಾಗ ನಮ್ಮ ರೂಪಾಯಿ ಗುರುತು ಕಂಡು ಖುಷಿಯಾತು. ಅದನ್ನೇ ಒತ್ತಿದೆ. ರೊಕ್ಕ ಸಾಲದು ಅಂತ ಬಂತು.

"ರುಪಯೇ ನಕ್ಕೋ ಚಾಚಾ, ದಿರಹಮ್ ದಬಾವ್," ಅಂದ.

ರೂಪಾಯಿ ಬ್ಯಾಡ, ದಿರಹಮ್ ಒತ್ತು ಅಂತ. ಥೇಟ್ ನಮ್ಮ ರಾಯಚೂರಿನ ಸಾಬರ ಮಾತು. ನಾನೂ ಅದೇ ಮಾತಿನ್ಯಾಗ ಕೇಳಿದೆ, "ತೊಟ್ಟಿಲು ಒಂದೇ ಅಲ್ಲೇನು? ರೂಪಾಯಿಗೆ ಯಾಕ ಹೆಚ್ಚು?"

"ರೂಪಾಯಿ ಲೆಕ್ಕ ಮಷಿನ್ನಿನವರು ಮಾಡ್ತಾರ, ನಡುವ ದಲಾಲಿ ಹಿಡೀತಾರ. ದಿರಹಮ್ ಒತ್ತಿದ್ರ ನಿಮ್ಮ ಬ್ಯಾಂಕ್ ಲೆಕ್ಕ ಮಾಡ್ತದ. ಕಮ್ಮಿ ಬೀಳ್ತದ."

"ಮತ್ತ ನನ್ನ ಯಾಕ ಕೇಳ್ತದ?"

"ನೀವು ಹೌದಂತೀರಿ, ಅದಕ್ಕ."

ದೇವದುರ್ಗದ ದನದ ಸಂತ್ಯಾಗ ಟವೆಲ್ ಒಳಗ ಬೆರಳು ಹಿಡಿದು ದರ ಮಾಡೋ ದಲ್ಲಾಳಿನೂ ನಾ ನಿಮ್ಮವ ಅಂತಾನ. ಆದ್ರ ಅಂವ ತನ್ನ ದಲಾಲಿ ಬಾಯಿಬಿಟ್ಟು ಕೇಳ್ತಾನ.

ದಿರಹಮ್ ಒತ್ತಿದೆ. ಚೀಟಿ ಹೊರಗ ಬಂತು. ತೊಟ್ಟಿಲು ನಮ್ಮದಾತು.

ಸಂಜೀಕ ಮಾನ್ವಿಯಿಂದ ನಾದಿನಿ ಫೋನ್ ಮಾಡಿದ್ಲು. "ತೊಟ್ಟಿಲಿಗೆ ಎಷ್ಟು ಕೊಟ್ರಿ ಮಾವಾ?"

"ಮುನ್ನೂರು."

"ಅಯ್ಯ, ಅಷ್ಟು ಸೋವಿ! ನಮ್ಮಕ್ಕ ಇದ್ದಿದ್ರೂ ಇಷ್ಟಕ್ಕ ಇಳಿಸ್ತಿದ್ದಿಲ್ಲ ಬಿಡ್ರಿ."

ಮುನ್ನೂರು ದಿರಹಮ್ ಅಂತ ನಾ ಬಿಡಿಸಿ ಹೇಳಲಿಲ್ಲ.