ಇಂಟು ಮಾರ್ಕಿನ ಸೀಟಿಗೆ ಬಿದ್ದ ಟವೆಲ್ಲು

ನಮ್ಮೂರು ಕಿರಂಗೂರಿನ ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡುವುದು ನನ್ನ ಕೆಲಸ. ಹಾಗಾಗಿ ಯಾರನ್ನೂ ನಂಬದಿರುವುದು ನನಗೆ ರೂಢಿಯಾಗಿ, ಮನೆಯವರಿಗೆ ತಲೆನೋವಾಗಿ ಹೋಗಿದೆ. ಕೊರೊನಾ ಬಂದಾಗ ಊರಿಗೆಲ್ಲ ನನ್ನ ಬುದ್ಧಿಯೇ ಬಂತು. ಕೆಮ್ಮಿದವನನ್ನು ಕಳ್ಳನಂತೆ ನೋಡುತ್ತಿದ್ದ ಕಾಲ ಅದು.

ಅಪ್ಪ ಕೆಮ್ಮುತ್ತಿದ್ದ. ಅದು ಹಳೇ ಉಬ್ಬಸದ ಕೆಮ್ಮು, ನನ್ನ ಮದುವೆಗೂ ಮುಂಚಿನದು. ಆದರೆ ಬಸ್ಸಿನಲ್ಲಿರುವವರಿಗೆ ಅದನ್ನು ಹೇಳುತ್ತಾ ಕೂರಲಾದೀತೇ? ನಾಗಮಂಗಲದ ಡಾಕ್ಟರು ಫೋನಿನಲ್ಲೇ ಎಚ್ಚರಿಸಿದ್ದರು: ಈ ಎದೆಗೆ ಆ ರೋಗ ತಗುಲಿದರೆ ಉಳಿಸಿಕೊಳ್ಳುವುದು ಕಷ್ಟ, ಹಾಗಂತ ತಪಾಸಣೆ ತಪ್ಪಿಸುವಂತೆಯೂ ಇಲ್ಲ. ಬಸ್ಸುಗಳು ಮತ್ತೆ ಓಡಾಡತೊಡಗಿದ ಮೇಲೆ ಅಪ್ಪನನ್ನು ಕರೆದುಕೊಂಡು ಹೊರಟೆ. ನನಗಿದ್ದದ್ದು ಎರಡು ಭಯ. ಯಾರಾದರೂ ಅಪ್ಪನಿಗೆ ರೋಗ ಅಂಟಿಸಿಯಾರು ಎಂಬುದು ಒಂದು, ಅಪ್ಪನ ಕೆಮ್ಮು ಕೇಳಿ ನಮ್ಮನ್ನೇ ನಡುದಾರಿಯಲ್ಲಿ ಇಳಿಸಿಯಾರು ಎಂಬುದು ಇನ್ನೊಂದು. ಬಾಯಿಗೊಂದು ಚೂರು ಹಸಿಶುಂಠಿ ಕೊಟ್ಟು, ಕೆಮ್ಮು ಬಂದರೆ ನುಂಗಿಕೋ ಎಂದೆ.

"ಕೆಮ್ಮನ್ನ ಎಂಗ್ಲಾ ನುಂಗದು?" ಅಂದ ಅಪ್ಪ.

ಬಸ್ಸಿನ ಬಾಗಿಲಲ್ಲಿ ಕಂಡಕ್ಟರು ಹಣೆಗೆ ಜ್ವರ ನೋಡುವ ಯಂತ್ರ ಹಿಡಿದ. ಬಿಸಿಲಲ್ಲಿ ಕಾದು ನಿಂತ ನನಗೂ ಮರದ ನೆರಳಲ್ಲಿ ಕೂತಿದ್ದ ಅಪ್ಪನಿಗೂ ಅದು ಒಂದೇ ಅಂಕಿ ತೋರಿಸಿತು. ಆಮೇಲೆ ಅಂಗೈಗೆ ಸ್ಯಾನಿಟೈಸರ್ ಬಿಟ್ಟ. ಮೂಸಿ ನೋಡಿದೆ, ವಾಸನೆ ತೆಳ್ಳಗಿತ್ತು. ಇದಕ್ಕೂ ನೀರು ಹಾಕಿದ್ದಾರೆ ಎಂದುಕೊಂಡೆ.

ಒಂದು ಬಿಟ್ಟು ಒಂದು ಸೀಟಿಗೆ ಕೂರಬಾರದೆಂದು ಇಂಟು ಮಾರ್ಕು ಹಾಕಿದ್ದರು. ಅಪ್ಪನನ್ನು ಕಿಟಕಿಯ ಪಕ್ಕ ಕೂರಿಸಿ, ನಾನು ಹಿಂದಿನ ಸೀಟಿನಲ್ಲಿ ಕಾವಲು ಕೂತೆ. ಮುಂದಿದ್ದ ಹೆಂಗಸಿನ ಮಾಸ್ಕು ಮೂಗಿನಿಂದ ಜಾರಿತ್ತು. ಆಚೆ ಸೀಟಿನವನು ಪದೇ ಪದೇ ಕಣ್ಣುಜ್ಜಿಕೊಳ್ಳುತ್ತಿದ್ದ. ಯಾಕೆ ಉಜ್ಜುತ್ತಾನೆ ಎಂದು ದುರುಗುಟ್ಟಿದೆ, ಅವನೂ ನನ್ನನ್ನು ದುರುಗುಟ್ಟಿದ. ಅಪ್ಪನ ಬೆನ್ನು ಒಮ್ಮೆ ನಡುಗಿತು. ಪಾಪ, ನಿಜವಾಗಿಯೂ ನುಂಗಿಕೊಂಡಿದ್ದ.

ಪಾಂಡವಪುರದಲ್ಲಿ ಬಸ್ಸು ನಿಂತದ್ದೇ ತಡ, ಕಿಟಕಿಯಿಂದ ಒಂದು ಟವೆಲ್ಲು ಅಪ್ಪನ ಮೂಗಿನ ಮುಂದೆಯೇ ಹಾದು ಪಕ್ಕದ ಇಂಟು ಮಾರ್ಕಿನ ಮೇಲೆ ಬಿತ್ತು. ಹೊರಗಿನಿಂದ ಟವೆಲ್ಲು ಎಸೆದವನಿಗೇ ಆ ಸೀಟು ಎನ್ನುವುದು ನಮ್ಮ ಕಡೆ ಬರೆಯದ ಕಾನೂನು. ಈಗ ಬಸ್ಸು ಅರ್ಧ ಖಾಲಿಯಿತ್ತು, ಆದರೆ ಕೈಯ ಅಭ್ಯಾಸ ಬಿಡಬೇಕಲ್ಲ. ನಾನು ಮಳೆಗೆಂದು ತಂದಿದ್ದ ಛತ್ರಿಯ ತುದಿಯಿಂದ ಅದನ್ನು ಎತ್ತಿ ಹಿಡಿದೆ. ಬೆವರಿಗೆ ಒದ್ದೆಯಾಗಿತ್ತು.

"ಯಾವನ್ಲಾ ಇದನ್ನ ಎಸ್ದೋನು?"

"ನಂದು ಕಣಪ್ಪ, ಇಲ್ಲಿ ಕೊಡು," ಎನ್ನುತ್ತಾ ಮಾಸ್ಕು ಹಾಕಿದ್ದವನೊಬ್ಬ ಹತ್ತಿ ಬಂದ. ಅಲ್ಲಿ ಕೂರಂಗಿಲ್ಲ ಎಂದು ಕಂಡಕ್ಟರೂ ಗದರಿಸಿದ. ಅಷ್ಟರಲ್ಲಿ ಅಪ್ಪ ಆ ದನಿಗೆ ತಿರುಗಿದ.

"ಲೇ, ನೀನೇನ್ಲಾ?"

"ಅಣ್ಣೋ, ನೀನಾ?"

ಇಬ್ಬರ ಮಾಸ್ಕುಗಳೂ ಗದ್ದಕ್ಕಿಳಿದವು. ಅವನು ನನ್ನ ಚಿಕ್ಕಪ್ಪ, ಅವ್ವನ ತಂಗಿಯ ಗಂಡ. ಲಾಕ್‌ಡೌನಿನಿಂದಾಗಿ ಷಡ್ಡಕರಿಬ್ಬರೂ ತಿಂಗಳುಗಟ್ಟಲೆ ಮುಖ ನೋಡಿರಲಿಲ್ಲ.

"ನಮ್ಮೋನೇ ಕಣಪ್ಪ," ಅಂದ ಅಪ್ಪ ಕಂಡಕ್ಟರಿಗೆ.

"ನೆಂಟ್ರಾ? ಅಂಗಂದ್ರೆ ಕೂತ್ಕಳಿ."

ಕಣ್ಣುಜ್ಜುತ್ತಿದ್ದವನೂ ಸರಿಯೆಂಬಂತೆ ತಲೆಯಾಡಿಸಿದ. ರೋಗ ಬರುವುದಿದ್ದರೆ ಪರರಿಂದ, ನಮ್ಮೋರಿಗೆ ಎಂಥ ರೋಗ ಎಂಬುದು ನಮ್ಮ ಸೀಮೆಯ ನಂಬಿಕೆ. ಚಿಕ್ಕಪ್ಪ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಅಪ್ಪನ ಕೈಗೆ ಕೊಟ್ಟ. ಅಪ್ಪ ಶುಂಠಿಯನ್ನು ಕಿಟಕಿಯಾಚೆ ಉಗಿದು ಅದನ್ನು ಬಾಯಿಗಿಟ್ಟುಕೊಂಡ.

"ಮೊನ್ನೆ ಕೆ.ಆರ್.ಪೇಟೆ ತಾವ ಬೀಗರೂಟ ಕಣಣ್ಣ. ನೀನಿರ್ಬೇಕಿತ್ತು," ಅಂದ ಚಿಕ್ಕಪ್ಪ.

ನಾನು ಹಿಂದಿನಿಂದ ಮುಂದಕ್ಕೆ ಬಾಗಿದೆ. "ಜನ ಕಮ್ಮಿ ಇರ್ಬೇಕು ಅಂತ ರೂಲ್ಸಿತ್ತಲ್ಲ ಚಿಕ್ಕಪ್ಪ?"

"ರೂಲ್ಸು ಮದ್ವೆಗೆ ಕಣ್ಲಾ. ಬೀಗರೂಟಕ್ಕೆ ಯಾರು ಮಾಡವ್ರೆ?"

ಇಬ್ರೂ ಮಾಸ್ಕು ಏರಿಸ್ಕಳಿ ಎಂದು ಗೋಗರೆದೆ. "ಸುಮ್ಕಿರ್ಲಾ, ಎಲ್ಲಾದ್ರಲ್ಲೂ ನೀರು ಹುಡ್ಕೋ ಬುದ್ಧಿ ನಿಂದು," ಎಂದು ಅಪ್ಪ ನಕ್ಕ, ನಕ್ಕು ಕೆಮ್ಮಿದ. ನಾಗಮಂಗಲದವರೆಗೂ ಮನಸಾರೆ ಕೆಮ್ಮಿದ, ಒಬ್ಬರೂ ತಿರುಗಿ ನೋಡಲಿಲ್ಲ.

ಮುಂದಿನ ವಾರ ಚಿಕ್ಕಮ್ಮನ ಫೋನು ಬಂತು. ಚಿಕ್ಕಪ್ಪನಿಗೆ ಜ್ವರ, ಉಸಿರಾಟಕ್ಕೆ ತೊಂದರೆ, ಆಸ್ಪತ್ರೆಗೆ ಸೇರಿಸಿದ್ದಾರೆ. ಅಂದಿನಿಂದ ನಾನು ಅಪ್ಪನ ಕೋಣೆಯ ಬಾಗಿಲಿಗೆ ಕಿವಿಯಿಟ್ಟೆ. ಪ್ರತಿ ಕೆಮ್ಮಿಗೂ ಇದು ಹಳೆಯದೋ ಹೊಸದೋ ಎಂಬ ಲೆಕ್ಕ. ಹಾಲಾದರೆ ಲ್ಯಾಕ್ಟೋಮೀಟರ್ ಮುಳುಗಿಸಿ ಹೇಳಬಹುದು, ಅಪ್ಪನ ಎದೆಗೆ ಏನು ಮುಳುಗಿಸಲಿ? ಚಿಕ್ಕಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ಅವನು ಉಳಿಯಲಿ ಎಂದು ಮನಸ್ಸು ಬೇಡುತ್ತಲೂ ಇತ್ತು.

ಅಪ್ಪನಿಗೆ ಏನೂ ಆಗಲಿಲ್ಲ. ಚಿಕ್ಕಪ್ಪ ಆಸ್ಪತ್ರೆಯಿಂದ ಬರಲಿಲ್ಲ. ಅವನನ್ನು ಮಣ್ಣು ಮಾಡುವಾಗಲೂ ಅಪ್ಪನನ್ನು ಹತ್ತಿರ ಬಿಡಲಿಲ್ಲ.

ಇಂಟು ಮಾರ್ಕುಗಳು ಈಗ ಅಳಿಸಿಹೋಗಿವೆ, ಬಸ್ಸುಗಳು ಮೊದಲಿನಂತೆಯೇ ತುಂಬಿರುತ್ತವೆ. ನಾಗಮಂಗಲಕ್ಕೆ ಹೋಗುವಾಗಲೆಲ್ಲ ಅಪ್ಪ ಕಿಟಕಿಗೆ ಕೂತು, ಪಕ್ಕದ ಸೀಟಿನ ಮೇಲೆ ತನ್ನ ಟವೆಲ್ಲು ಹಾಸುತ್ತಾನೆ. ಯಾರಾದ್ರೂ ಬತ್ತಾರಾ ಎಂದು ನಿಂತವರು ಕೇಳುತ್ತಾರೆ.

"ಪಾಂಡವಪುರದಲ್ಲಿ ಹತ್ತೋರವ್ರೆ," ಅನ್ನುತ್ತಾನೆ ಅಪ್ಪ.

ಎಲ್ಲರ ಮಾತನ್ನೂ ಅನುಮಾನಿಸುವ ನಾನು ಕಂಬಿ ಹಿಡಿದು ಅವನ ಪಕ್ಕದಲ್ಲೇ ನಿಂತು, ಹೌದು, ಹತ್ತೋರವ್ರೆ ಎಂದು ದನಿಗೂಡಿಸುತ್ತೇನೆ. ಪಾಂಡವಪುರದಲ್ಲಿ ಹತ್ತುವ ಒಬ್ಬೊಬ್ಬರ ಮುಖವನ್ನೂ ಅಪ್ಪ ನೋಡುತ್ತಾನೆ. ಬಸ್ಸು ಹೊರಟ ಮೇಲೆ ಟವೆಲ್ಲು ಎತ್ತಿ ಹೆಗಲಿಗೆ ಹಾಕಿಕೊಂಡು, "ಬಾ, ಕೂತ್ಕೊ," ಅನ್ನುತ್ತಾನೆ.